ಊರಿನ ಆರ್‌ಒ ಘಟಕ ಕೈಕೊಟ್ಟಾಗ: ಮೆಂಬ್ರೇನನ್ನು ದೂರುವ ಮೊದಲು ನೋಡಬೇಕಾದದ್ದು

ಮುಂಡರಗಿ, ರೋಣದ ಕಡೆಯ ಎರೆ ಸೀಮೆಯಲ್ಲಿ ಕೊಳವೆಬಾವಿಯ ನೀರು ಹಲವು ಊರುಗಳಲ್ಲಿ ಸವಳಾಗಿರುತ್ತದೆ, ಕೆಲವು ಕಡೆ ಅದರಲ್ಲಿ ಫ್ಲೋರೈಡ್ ಕೂಡ ಮಿತಿ ಮೀರಿರುತ್ತದೆ. ಅಂಥ ಊರುಗಳಲ್ಲಿ ಜನ ಕುಡಿಯುವುದು ಗುಡಿಯ ಹತ್ತಿರವೋ ಪಂಚಾಯಿತಿ ಕಟ್ಟೆಯ ಹತ್ತಿರವೋ ಇರುವ ಶುದ್ಧ ಕುಡಿಯುವ ನೀರಿನ ಘಟಕದ, ಅಂದರೆ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕದ ನೀರನ್ನು. ನಾಣ್ಯ ಹಾಕಿ, 20 ಲೀಟರಿನ ಕ್ಯಾನ್ ತುಂಬಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಒಯ್ಯುವ ನೀರು ಅದು. ಆ ಘಟಕ ಒಂದು ದಿನ ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಅದು ಮೂರು ತಿಂಗಳಿಂದ ಸ್ವಲ್ಪ ಸ್ವಲ್ಪವಾಗಿ ಕೆಡುತ್ತಾ ಬಂದಿದ್ದರೆ ಯಾರಿಗೂ ಗೊತ್ತಾಗಿರುವುದಿಲ್ಲ.

ನೀರು ಕಡಿಮೆಯಾದರೆ ಅಥವಾ ರುಚಿ ಕೆಟ್ಟರೆ ಮೊದಲು ಕೇಳಿಬರುವ ಮಾತು "ಮೆಂಬ್ರೇನ್ ಹೋಗೇತ್ರಿ" ಎಂಬುದು. ಮೆಂಬ್ರೇನ್ ಎಂದರೆ ನೀರನ್ನು ಬಿಟ್ಟು ಲವಣಗಳನ್ನು ತಡೆಯುವ ತೆಳು ಪದರಗಳ ಸುರುಳಿ. ಘಟಕದಲ್ಲಿ ಅತ್ಯಂತ ದುಬಾರಿಯಾದ ಬಿಡಿಭಾಗಗಳಲ್ಲಿ ಅದೂ ಒಂದು. ಆದ್ದರಿಂದ ಆ ಮಾತನ್ನು ಸುಲಭವಾಗಿ ಒಪ್ಪಬಾರದು. ನಾನು ಕಂಡಂತೆ ಮೆಂಬ್ರೇನ್ ತಾನಾಗಿ ಕೆಡುವುದು ಅಪರೂಪ. ಅದರ ಹಿಂದಿನ ಮರಳಿನ ಫಿಲ್ಟರೋ, ಇದ್ದಿಲಿನ ಫಿಲ್ಟರೋ, ಔಷಧ ಹಾಕುವ ಪಂಪೋ ತನ್ನ ಕೆಲಸ ಬಿಟ್ಟ ಮೇಲೆ ಮೆಂಬ್ರೇನ್ ಅದರ ಏಟನ್ನು ತಿನ್ನುತ್ತದೆ. ಹಿಂದಿನ ದೋಷವನ್ನು ಹಾಗೆಯೇ ಬಿಟ್ಟು ಹೊಸ ಮೆಂಬ್ರೇನ್ ಹಾಕಿದರೆ ಅದಕ್ಕೂ ಅದೇ ಗತಿ. ಈ ಬರಹ ಘಟಕ ನಡೆಸುವವರಿಗೆ, ನೀರುಗಂಟಿಗಳಿಗೆ ಮತ್ತು ರಿಪೇರಿ ಬಿಲ್ಲಿಗೆ ಸಹಿ ಹಾಕುವ ಪಂಚಾಯಿತಿಯವರಿಗಾಗಿ ಬರೆದದ್ದು.

ಘಟಕದೊಳಗೆ ನೀರು ಹೋಗುವ ದಾರಿ ನೆನಪಿನಲ್ಲಿದ್ದರೆ ಮುಂದಿನದು ಸುಲಭ. ಬೋರಿನ ನೀರು ಕಚ್ಚಾ ನೀರಿನ ತೊಟ್ಟಿಯಿಂದ ಮರಳಿನ ಫಿಲ್ಟರಿಗೆ, ಅಲ್ಲಿಂದ ಇದ್ದಿಲಿನ ಫಿಲ್ಟರಿಗೆ ಹೋಗುತ್ತದೆ. ಆಮೇಲೆ ಸಣ್ಣ ಡೋಸಿಂಗ್ ಪಂಪು ಆಂಟಿಸ್ಕೇಲೆಂಟ್ ಎಂಬ ಔಷಧವನ್ನು ಹನಿಹನಿಯಾಗಿ ಸೇರಿಸುತ್ತದೆ. ಕರಗಿದ ಲವಣಗಳು ಮೆಂಬ್ರೇನಿನ ಮೇಲೆ ಗಟ್ಟಿಯಾಗಿ ಕೂರದಂತೆ ತಡೆಯುವುದು ಅದರ ಕೆಲಸ. ಅನಂತರ ನೀರು ಸಣ್ಣ ಕಣಗಳನ್ನು ಹಿಡಿಯುವ 5 ಮೈಕ್ರಾನಿನ ಕಾರ್ಟ್ರಿಜ್ ಫಿಲ್ಟರ್ ದಾಟಿ, ಹೈಪ್ರೆಷರ್ ಪಂಪಿನ ಒತ್ತಡದಿಂದ ಮೆಂಬ್ರೇನಿಗೆ ನುಗ್ಗಿ, ಎರಡು ಪಾಲಾಗುತ್ತದೆ. ಒಂದು ಪಾಲು ಕುಡಿಯುವ ನೀರು. ಇನ್ನೊಂದು ಲವಣಗಳನ್ನು ಹೊತ್ತು ಹೊರಹೋಗುವ ರಿಜೆಕ್ಟ್ ನೀರು.

ಕೈ ಹಾಕುವ ಮೊದಲು

ಘಟಕದ ನೆಲ ಯಾವಾಗಲೂ ಒದ್ದೆಯಾಗಿರುತ್ತದೆ. ಪ್ಯಾನೆಲ್ ಬೋರ್ಡಿನ ಬಾಗಿಲು ತೆಗೆಯುವ ಮೊದಲು ಮುಖ್ಯ ಸ್ವಿಚ್ ಇಳಿಸಬೇಕು, ಮತ್ತು ಬೇರೆ ಯಾರೂ ಅದನ್ನು ಏರಿಸದಂತೆ ಒಬ್ಬರನ್ನು ಅಲ್ಲಿ ನಿಲ್ಲಿಸಬೇಕು. ಮೆಂಬ್ರೇನ್ ಕೊಳವೆಯ ಮುಚ್ಚಳದ ಹಿಂದೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 8ರಿಂದ 15 ಕೆ.ಜಿ. ಒತ್ತಡವಿರುತ್ತದೆ. ಒತ್ತಡದ ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡದೆ ಕ್ಲ್ಯಾಂಪ್ ಸಡಿಲಿಸಬಾರದು. ಘಟಕ ನಡೆಯುತ್ತಿರುವಾಗ ಕುಡಿಯುವ ನೀರಿನ ಪೈಪಿನ ವಾಲ್ವನ್ನು ಎಂದೂ ಮುಚ್ಚಬಾರದು; ಹಾಗೆ ಮಾಡಿದರೆ ನೀರು ಹಿಂದಕ್ಕೆ ಒತ್ತಿ ಮೆಂಬ್ರೇನಿನ ಪದರಗಳ ಅಂಟು ಬಿಡುತ್ತದೆ, ಅದಕ್ಕೆ ರಿಪೇರಿ ಎಂಬುದಿಲ್ಲ.

ಇನ್ನು ಪುಸ್ತಕದ ಮಾತು. ಘಟಕ ಹೊಸದಾಗಿದ್ದ ದಿನ, ಅಥವಾ ಮೆಂಬ್ರೇನ್ ಹೊಸದಾಗಿ ಹಾಕಿದ ದಿನ, ಬರೆದಿಟ್ಟ ಅಂಕಿಗಳು ನಿಮ್ಮ ಬಳಿ ಇವೆಯೇ? ಕಚ್ಚಾ ನೀರಿನ ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಮಿ.ಗ್ರಾಂ. ಲೆಕ್ಕದಲ್ಲಿ), ಕುಡಿಯುವ ನೀರಿನ ಟಿಡಿಎಸ್, ಕುಡಿಯುವ ನೀರಿನ ಮತ್ತು ರಿಜೆಕ್ಟ್ ನೀರಿನ ಹರಿವು ತೋರಿಸುವ ಎರಡೂ ರೋಟಾಮೀಟರಿನ ಅಂಕಿ, ಕಾರ್ಟ್ರಿಜ್ಜಿನ ಹಿಂದಿನ ಮತ್ತು ಮುಂದಿನ ಒತ್ತಡ, ಮೆಂಬ್ರೇನಿಗೆ ಹೋಗುವ ಮತ್ತು ಅದರಿಂದ ಬರುವ ಒತ್ತಡ, ಇವಿಷ್ಟು ಸಾಕು. ಈ ಅಂಕಿಗಳಿಲ್ಲದೆ ಇಂದಿನ ಮೀಟರು ನೋಡಿದರೆ ಅರ್ಥ ಹುಟ್ಟುವುದಿಲ್ಲ. ಇಲ್ಲವಾದರೆ ಇವತ್ತೇ ಒಂದು ನೂರು ಪುಟದ ನೋಟ್‌ಬುಕ್ ತಂದು ಬರೆಯಲು ಶುರು ಮಾಡಿ. ಗೋಡೆಗೆ ಸೀಮೆಸುಣ್ಣದಿಂದ ಬರೆದದ್ದು ಮುಂದಿನ ಸುಣ್ಣಬಣ್ಣಕ್ಕೆ ಹೋಗುತ್ತದೆ.

ಘಟಕ ಶುರುವಾಗುವುದಿಲ್ಲ, ಅಥವಾ ಶುರುವಾಗಿ ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ

ಮೊದಲು ಕರೆಂಟು ನೋಡಿ. ಮೂರು ಫೇಸಿನಲ್ಲಿ ಒಂದು ಹೋಗಿದ್ದರೆ ಪ್ಯಾನೆಲ್ಲಿನಲ್ಲಿರುವ ಪ್ರಿವೆಂಟರ್ ಮೋಟರನ್ನು ತಡೆದಿರುತ್ತದೆ. ಅದು ದೋಷವಲ್ಲ, ರಕ್ಷಣೆ. ಪ್ರಿವೆಂಟರಿಗೆ ಅಡ್ಡವಾಗಿ ವೈರು ಜೋಡಿಸಿ ಪಂಪು ಓಡಿಸುವವರನ್ನು ನಾನು ಕಂಡಿದ್ದೇನೆ, ಆ ಮೋಟರುಗಳು ರಿವೈಂಡಿಂಗಿಗೆ ಹೋದದ್ದನ್ನೂ ಕಂಡಿದ್ದೇನೆ. ಫೇಸ್ ಇಲ್ಲದಿದ್ದರೆ ಹೆಸ್ಕಾಂ ಲೈನ್‌ಮನ್‌ಗೆ ಹೇಳಿ ಕಾಯುವುದೇ ದಾರಿ.

ಕರೆಂಟು ಸರಿಯಿದ್ದರೆ ಕಚ್ಚಾ ನೀರಿನ ತೊಟ್ಟಿಯಲ್ಲಿ ನೀರಿದೆಯೇ, ಕುಡಿಯುವ ನೀರಿನ ತೊಟ್ಟಿ ತುಂಬಿ ಫ್ಲೋಟ್ ಸ್ವಿಚ್ ಘಟಕವನ್ನು ತಾನೇ ನಿಲ್ಲಿಸಿದೆಯೇ ಎಂದು ನೋಡಿ. ಶುರುವಾಗಿ ನಿಲ್ಲುತ್ತಿದ್ದರೆ ಬಹುತೇಕ ಅದು ಲೋ ಪ್ರೆಷರ್ ಸ್ವಿಚ್ಚಿನ ಕೆಲಸ: ಹೈಪ್ರೆಷರ್ ಪಂಪಿಗೆ ಹಿಂದಿನಿಂದ ಸಾಕಷ್ಟು ನೀರು ಸಿಗುತ್ತಿಲ್ಲ ಎಂದು ಅದು ಹೇಳುತ್ತಿದೆ. ಆಗ ಪಂಪಿನಲ್ಲಿ ಕಲ್ಲು ಉರುಳಿಸಿದಂಥ ಸದ್ದು ಬರುತ್ತದೆ, ಒತ್ತಡದ ಮುಳ್ಳು ನಡುಗುತ್ತದೆ. ಕಾರ್ಟ್ರಿಜ್ ಕಟ್ಟಿಕೊಂಡಿರಬಹುದು, ಮರಳಿನ ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಕೇಳುತ್ತಿರಬಹುದು, ಅಥವಾ ಯಾವುದೋ ವಾಲ್ವ್ ಅರ್ಧ ಮುಚ್ಚಿರಬಹುದು. ನಾಣ್ಯದ ಪೆಟ್ಟಿಗೆ ನಾಣ್ಯ ನುಂಗಿಯೂ ನೀರು ಬಿಡದಿದ್ದರೆ ಅದು ಬೇರೆ ಸಂಗತಿ. ಅದಕ್ಕೂ ಮೆಂಬ್ರೇನಿಗೂ ಸಂಬಂಧವಿಲ್ಲ, ಕರೆಂಟಿನಿಂದ ತೆರೆದು ಮುಚ್ಚುವ ಪೆಟ್ಟಿಗೆಯ ಸಾಲಿನಾಯ್ಡ್ ವಾಲ್ವನ್ನು ನೋಡಬೇಕು.

ಕುಡಿಯುವ ನೀರು ಮೊದಲಿನಷ್ಟು ಬರುತ್ತಿಲ್ಲ

ಅತಿ ಹೆಚ್ಚು ಬರುವ ದೂರು ಇದು, ಮತ್ತು ಅವಸರದ ಖರ್ಚು ಅತಿ ಹೆಚ್ಚಾಗುವುದೂ ಇಲ್ಲಿಯೇ.

ಖರ್ಚಿಲ್ಲದ ಪರೀಕ್ಷೆ ಕ್ಯಾಲೆಂಡರಿನದು. ನೀರು ತಣ್ಣಗಾದಷ್ಟೂ ಮೆಂಬ್ರೇನಿನ ಮೂಲಕ ನಿಧಾನವಾಗಿ ಸೋಸುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಹರಿವು ಸುಮಾರು 3 ಪ್ರತಿಶತ ಇಳಿಯುತ್ತದೆ. ರಾತ್ರಿಯಿಡೀ ಮೇಲಿನ ತೊಟ್ಟಿಯಲ್ಲಿ ನಿಂತ ನೀರನ್ನು ಡಿಸೆಂಬರಿನ ಬೆಳಗಿನ ಜಾವ ಘಟಕಕ್ಕೆ ಬಿಟ್ಟರೆ ಹರಿವು 15 ಪ್ರತಿಶತ ಕಡಿಮೆ ಕಂಡರೂ ಆಶ್ಚರ್ಯವಿಲ್ಲ. ಮಧ್ಯಾಹ್ನ ಅದೇ ರೋಟಾಮೀಟರ್ ನೋಡಿ. ಹರಿವು ಮರಳಿ ಏರಿದ್ದರೆ ಘಟಕಕ್ಕೆ ಏನೂ ಆಗಿಲ್ಲ.

ಎರಡನೆಯದು ಕಾರ್ಟ್ರಿಜ್. ಅದರ ಹಿಂದಿನ ಮತ್ತು ಮುಂದಿನ ಒತ್ತಡದ ವ್ಯತ್ಯಾಸ ಹೊಸದಿದ್ದಾಗ ಬಹಳ ಕಡಿಮೆ ಇರುತ್ತದೆ. ಅದು 1 ಕೆ.ಜಿ. ಹತ್ತಿರ ಬಂದರೆ ಕಾರ್ಟ್ರಿಜ್ ಬದಲಿಸಬೇಕು. ಹಳೆಯದನ್ನು ಎಸೆಯುವ ಮೊದಲು ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಬಿಸಿಲಿಗೆ ಹಿಡಿಯಿರಿ. ಹೊರಗಿನ ಪದರ ಮಾತ್ರ ಮಣ್ಣಿನ ಬಣ್ಣವಾಗಿ ಒಳಗೆ ಬೆಳ್ಳಗಿದ್ದರೆ ಅದು ತನ್ನ ಕೆಲಸ ಮಾಡಿದೆ. ನಡುವಿನ ತೂತಿನವರೆಗೂ ಕಂದು ಬಣ್ಣ ಇಳಿದಿದ್ದರೆ ಬಹಳ ದಿನ ಮೀರಿದೆ, ಕೆಸರು ಮೆಂಬ್ರೇನಿಗೂ ತಲುಪಿದೆ ಎಂದು ತಿಳಿಯಬೇಕು. ಇಡೀ ಕಾರ್ಟ್ರಿಜ್ ಹೊಸದರಂತೆ ಬೆಳ್ಳಗಿದ್ದರೆ ಸಂತೋಷಪಡಬೇಡಿ: ಅದು ತಳದಲ್ಲಿ ಸರಿಯಾಗಿ ಕೂರದೆ ನೀರು ಪಕ್ಕದಿಂದ ನುಸುಳುತ್ತಿರಬಹುದು. ಬೆರಳಿಗೆ ಲೋಳೆ ಹತ್ತಿದರೆ ಅದು ಜೀವಾಣುಗಳ ಬೆಳವಣಿಗೆ. ತುಕ್ಕಿನ ಬಣ್ಣದ ಪುಡಿ ಹತ್ತಿದರೆ ಬೋರಿನ ಕಬ್ಬಿಣ. ಕಡಿಮೆ ಬೆಲೆಯ ಈ ಒಂದು ತುಂಡು ಮೆಂಬ್ರೇನಿನೊಳಗೆ ಏನಾಗಿರಬಹುದು ಎಂಬುದನ್ನು ಮೊದಲೇ ತೋರಿಸುತ್ತದೆ.

ಮೂರನೆಯದು ಮರಳಿನ ಫಿಲ್ಟರ್. ಅದರ ಎರಡು ಮೀಟರುಗಳ ವ್ಯತ್ಯಾಸ ಶುಚಿಯಾಗಿದ್ದಾಗ ಇದ್ದುದಕ್ಕಿಂತ ಅರ್ಧ ಕೆ.ಜಿ. ಹೆಚ್ಚಾದರೆ ಬ್ಯಾಕ್‌ವಾಶ್ ಮಾಡಬೇಕು, ಹೊರಬರುವ ನೀರು ತಿಳಿಯಾಗುವವರೆಗೂ ಅದನ್ನು ನಿಲ್ಲಿಸಬಾರದು. "ದಿನಾ ಎರಡು ನಿಮಿಷ ಮಾಡ್ತೇನಿ" ಎನ್ನುವ ಊರುಗಳಲ್ಲಿ ಹೊರಪೈಪಿಗೆ ಬಿಳಿ ಬಾಟಲಿ ಹಿಡಿದು ನೋಡಿದಾಗ ಎರಡನೇ ನಿಮಿಷಕ್ಕೆ ಇನ್ನೂ ಚಹದ ಬಣ್ಣದ ನೀರು ಬರುತ್ತಿತ್ತು.

ನಾಲ್ಕನೆಯದು ಆಂಟಿಸ್ಕೇಲೆಂಟ್, ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಂಟೆಗೆ 1000 ಲೀಟರ್ ಕುಡಿಯುವ ನೀರು ಕೊಡುವ ಘಟಕ ಅರ್ಧ ಪಾಲು ನೀರನ್ನು ಹೊರಬಿಡುತ್ತಿದ್ದರೆ ಗಂಟೆಗೆ 2000 ಲೀಟರ್ ಕಚ್ಚಾ ನೀರು ತೆಗೆದುಕೊಳ್ಳುತ್ತದೆ. ಲೀಟರಿಗೆ 4 ಮಿ.ಗ್ರಾಂ. ಲೆಕ್ಕದಲ್ಲಿ ಗಂಟೆಗೆ 8 ಗ್ರಾಂ, ಹತ್ತು ತಾಸು ಓಡಿದರೆ ದಿನಕ್ಕೆ 80 ಗ್ರಾಂ ಔಷಧ ಬೇಕು. 5 ಕೆ.ಜಿ. ಕ್ಯಾನ್ ಎರಡು ತಿಂಗಳಿಗೆ ಮುಗಿಯಬೇಕು. ನಾಲ್ಕು ತಿಂಗಳಾದರೂ ಅದು ಅರ್ಧ ಉಳಿದಿದ್ದರೆ ಪಂಪು ಹೊಡೆದಿಲ್ಲ, ಅಥವಾ ಯಾರೋ ಉಳಿತಾಯ ಮಾಡಿದ್ದಾರೆ. ಡೋಸಿಂಗ್ ಪಂಪು ಟಕ್ ಟಕ್ ಸದ್ದು ಮಾಡಿದ ಮಾತ್ರಕ್ಕೆ ಔಷಧ ಹೋಗುತ್ತಿದೆ ಎಂದಲ್ಲ, ಕೊಳವೆಯಲ್ಲಿ ಗಾಳಿ ಸೇರಿದ್ದರೂ ಅದು ಹಾಗೆಯೇ ಸದ್ದು ಮಾಡುತ್ತದೆ. ಔಷಧದ ಡಬ್ಬಿಯ ಹೊರಗೆ ಬೆಳಿಗ್ಗೆ ಒಂದು ಟೇಪು ಅಂಟಿಸಿ, ಸಂಜೆ ಮಟ್ಟ ಇಳಿದಿದೆಯೇ ನೋಡುವುದೇ ಸರಿಯಾದ ಪರೀಕ್ಷೆ.

ಇವೆಲ್ಲ ಸರಿಯಿದ್ದೂ ಹರಿವು ಕಡಿಮೆಯೇ ಇದ್ದರೆ, ಆಗ ಮೆಂಬ್ರೇನಿನತ್ತ ತಿರುಗಬೇಕು. ಅದು ಕೆಟ್ಟಿದೆ ಎಂದಲ್ಲ, ಕೊಳೆಯಾಗಿದೆ ಎಂದು. ಮೆಂಬ್ರೇನಿಗೆ ಹೋಗುವ ಮತ್ತು ಬರುವ ಒತ್ತಡಗಳ ವ್ಯತ್ಯಾಸ ಹೆಚ್ಚಾಗಿದ್ದರೆ, ಅದರಲ್ಲೂ ನೀರು ಮೊದಲು ಹೊಗುವ ಮೆಂಬ್ರೇನ್ ಭಾರವಾಗಿ, ಕಂದಾಗಿ ಅಥವಾ ಲೋಳೆಯಾಗಿದ್ದರೆ, ಅದು ಕೆಸರು, ಕಬ್ಬಿಣ ಅಥವಾ ಜೀವಾಣುಗಳ ಕೆಲಸ. ಕೊನೆಯ ಮೆಂಬ್ರೇನಿನ ತುದಿಯಲ್ಲಿ ಕೈಗೆ ಒರಟಾಗಿ ಹತ್ತುವ ಬಿಳಿ ಪುಡಿ ಇದ್ದರೆ ಅದು ಸುಣ್ಣದಂಥ ಲವಣ. ಕೊನೆಗೆ ತಲುಪುವ ಹೊತ್ತಿಗೆ ನೀರು ಅತಿ ದಟ್ಟವಾಗಿರುವುದರಿಂದ ಲವಣ ಮೊದಲು ಕೂರುವುದು ಅಲ್ಲಿಯೇ. ಆ ಪುಡಿಯನ್ನು ಕೆರೆದು ಒಂದು ತಟ್ಟೆಗೆ ಹಾಕಿ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದಿಂದ ತೊಳೆದರೆ ಹೋಗುತ್ತದೆ. ನೊರೆ ಬರದ ಗಟ್ಟಿ ಪದರ ಸಲ್ಫೇಟ್ ಅಥವಾ ಸಿಲಿಕಾ ಇರಬಹುದು, ಅದು ಸುಲಭಕ್ಕೆ ಬಗ್ಗುವುದಿಲ್ಲ.

ಅದೇ ಉಷ್ಣತೆ, ಅದೇ ಒತ್ತಡದಲ್ಲಿ ಹರಿವು 10ರಿಂದ 15 ಪ್ರತಿಶತ ಇಳಿದಾಗಲೇ ತೊಳೆಸಬೇಕು. ಅರ್ಧಕ್ಕೆ ಇಳಿಯುವವರೆಗೆ ಕಾದರೆ ತೊಳೆದರೂ ಪೂರ್ತಿ ಮರಳುವುದಿಲ್ಲ. ಹರಿವು ಕಡಿಮೆಯಾಯಿತೆಂದು ಒತ್ತಡದ ವಾಲ್ವ್ ತಿರುಗಿಸುತ್ತಾ ಹೋಗುವುದು, ನನ್ನ ಪ್ರಕಾರ, ಜ್ವರ ಬಂದವನನ್ನು ಹೊಲಕ್ಕೆ ಓಡಿಸಿದ ಹಾಗೆ.

ನೀರು ಸವಳಾಗಿದೆ, ಬೇಳೆ ಬೇಯುತ್ತಿಲ್ಲ

ಟಿಡಿಎಸ್ ಮೀಟರಿಗಿಂತ ಮೊದಲು ಅಡುಗೆಮನೆಗೆ ಇದು ಗೊತ್ತಾಗುತ್ತದೆ. ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಯಾರಾದರೂ ತಾಯಂದಿರು ಬಂದು "ನಿಮ್ಮ ನೀರಾಗ ಬ್ಯಾಳಿ ಬೇಯವಲ್ದು" ಎಂದರೆ ಅದನ್ನು ಪ್ರಯೋಗಾಲಯದ ವರದಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಆದರೆ ಟಿಡಿಎಸ್ ಏರಿದೆ ಎಂದ ಕೂಡಲೇ ತೀರ್ಪು ಕೊಡಬಾರದು. ರಾತ್ರಿ ಘಟಕ ನಿಂತಾಗ ಲವಣಗಳು ಮೆಂಬ್ರೇನಿನ ಆಚೆಗೆ ನಿಧಾನವಾಗಿ ದಾಟುತ್ತವೆ. ಹಾಗಾಗಿ ಬೆಳಗಿನ ಮೊದಲ ಕೆಲವು ನಿಮಿಷದ ನೀರು ಸವಳಾಗಿರುವುದು ಸಹಜ, ಅದನ್ನು ಹೊರಬಿಟ್ಟು ಕಾಲು ಗಂಟೆಯ ನಂತರ ಅಳೆಯಿರಿ. ಕಚ್ಚಾ ನೀರನ್ನೂ ಜೊತೆಗೆ ಅಳೆಯಿರಿ. ಚಳಿಗಾಲದಲ್ಲಿ 1600 ಇದ್ದ ಬೋರಿನ ನೀರಿನಿಂದ 80 ಟಿಡಿಎಸ್ ಬರುತ್ತಿತ್ತು, ಏಪ್ರಿಲಿನಲ್ಲಿ ಬೋರು ಆಳಕ್ಕಿಳಿದು 2200 ಆದಾಗ 110 ಬಂದಿತು ಎಂದರೆ ಎರಡೂ ಸಲ 95 ಪ್ರತಿಶತ ಲವಣ ತಡೆಯಲ್ಪಟ್ಟಿದೆ. ಮೆಂಬ್ರೇನ್ ಬದಲಾಗಿಲ್ಲ, ಬೋರು ಬದಲಾಗಿದೆ. ಈ ಪ್ರತಿಶತ ಇಳಿಯುತ್ತಿದ್ದರೆ ಮಾತ್ರ ಮುಂದಿನ ಹುಡುಕಾಟ.

ಆಗ ಮೊದಲು ಬೈಪಾಸ್ ವಾಲ್ವ್ ನೋಡಿ. ನೀರು ತೀರಾ ಸಪ್ಪೆ ಎಂಬ ದೂರಿಗೆ ಕೆಲವು ಘಟಕಗಳಲ್ಲಿ ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ವ್ಯವಸ್ಥೆ ಇರುತ್ತದೆ, ಆ ವಾಲ್ವನ್ನು ಯಾರು ಎಷ್ಟು ತಿರುಗಿಸಿದರು ಎಂಬುದಕ್ಕೆ ಲೆಕ್ಕವಿರುವುದಿಲ್ಲ. ಫ್ಲೋರೈಡ್ ಇರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 10500 ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಬೋರಿನಲ್ಲಿ 3 ಮಿ.ಗ್ರಾಂ. ಇದ್ದು, ಮೆಂಬ್ರೇನ್ ಅದನ್ನು 0.15ಕ್ಕೆ ಇಳಿಸಿದ್ದರೂ, ಹತ್ತು ಪಾಲಿನಲ್ಲಿ ಮೂರು ಪಾಲು ಕಚ್ಚಾ ನೀರು ಬೆರೆಸಿದರೆ ಮತ್ತೆ 1ಕ್ಕೆ ಬಂದು ನಿಲ್ಲುತ್ತದೆ. ನಾಲ್ಕು ಪಾಲು ಬೆರೆಸಿದರೆ 1.3 ಸಮೀಪ. ಟಿಡಿಎಸ್ ಮೀಟರಿಗೆ ಇದು ಕಾಣುವುದಿಲ್ಲ. ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜು ಮಾಡುವ ಅದಕ್ಕೆ ನೂರಾರು ಮಿ.ಗ್ರಾಂ. ನಡುವೆ ಒಂದೆರಡು ಮಿ.ಗ್ರಾಂ. ಫ್ಲೋರೈಡ್ ಲೆಕ್ಕಕ್ಕೇ ಬರುವುದಿಲ್ಲ. ಫ್ಲೋರೈಡಿಗೆ ಪ್ರತ್ಯೇಕ ಪರೀಕ್ಷೆಯೇ ಬೇಕು. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ದಟ್ಟವಾಗುತ್ತದೆ.

ಬೈಪಾಸ್ ಮುಚ್ಚಿದ್ದರೂ ಟಿಡಿಎಸ್ ಇಳಿಯದಿದ್ದರೆ ಪ್ರತಿ ಮೆಂಬ್ರೇನ್ ಕೊಳವೆಯಿಂದ ಬರುವ ನೀರನ್ನು ಬೇರೆಬೇರೆ ಲೋಟದಲ್ಲಿ ಹಿಡಿದು ಅಳೆಯಿರಿ. ನಾಲ್ಕರಲ್ಲಿ ಮೂರು 80, 85, 90 ಎಂದು ತೋರಿಸಿ ಒಂದು ಮಾತ್ರ 400 ತೋರಿಸಿದರೆ, ದೋಷ ಆ ಕೊಳವೆಯ ಒಳಗಿನ ಓ-ರಿಂಗಿನದಿರುವ ಸಾಧ್ಯತೆಯೇ ಹೆಚ್ಚು. ಆ ಸಣ್ಣ ರಬ್ಬರ್ ಬಳೆ ಸೀಳಿದರೆ ಕಚ್ಚಾ ನೀರು ನೇರವಾಗಿ ಒಳ್ಳೆಯ ನೀರಿಗೆ ಬೆರೆಯುತ್ತದೆ. ಎಲ್ಲ ಕೊಳವೆಗಳೂ ಒಂದೇ ಸಮ ಏರಿದ್ದರೆ ಮುಂದಿನ ಭಾಗ ಓದಿ.

ನೀರು ಮೊದಲಿಗಿಂತ ಜೋರಾಗಿ ಬರುತ್ತಿದೆ

ಇದನ್ನು ಯಾರೂ ದೂರು ಎಂದು ಹೇಳುವುದಿಲ್ಲ, ಅದೇ ತೊಂದರೆ. ರೋಣ ತಾಲ್ಲೂಕಿನ ಒಂದು ಊರಿನಲ್ಲಿ ಘಟಕ ನೋಡಿಕೊಳ್ಳುವ ಹುಡುಗ ನಗುತ್ತಾ ಬಂದು, "ಸರ್ರ, ಮಶೀನ್ ಚೊಲೋ ಆಗೇತ್ರಿ, ನೀರು ಮೊದಲಿಗಿಂತ ಜೋರ ಬರಾಕತ್ತಾವು" ಎಂದ. ರೋಟಾಮೀಟರ್ ನಿಜಕ್ಕೂ ಮೇಲೇರಿತ್ತು. ಟಿಡಿಎಸ್ ಮೀಟರ್ ಅದ್ದಿದರೆ 70 ಇರಬೇಕಾದಲ್ಲಿ 260. ಮಳೆಗಾಲದಲ್ಲಿ ವಾಂತಿಭೇದಿಯ ಹೆದರಿಕೆ ಬಂದಾಗ ಊರಿನ ಮೇಲ್ತೊಟ್ಟಿಗೆ ಧಾರಾಳವಾಗಿ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಘಟಕಕ್ಕೆ ನೀರು ಬರುತ್ತಿದ್ದುದು ಅದೇ ತೊಟ್ಟಿಯಿಂದ. ಬ್ಲೀಚಿಂಗ್ ಹಾಕಿದ್ದು ತಪ್ಪಲ್ಲ, ಆಗ ಹಾಕಲೇಬೇಕಿತ್ತು. ಆದರೆ ಈ ಪಾಲಿಅಮೈಡ್ ಮೆಂಬ್ರೇನುಗಳಿಗೆ ಕ್ಲೋರಿನ್ ವಿಷ. ಅದನ್ನು ಹಿಡಿದು ನಿಲ್ಲಿಸಬೇಕಾದ ಇದ್ದಿಲನ್ನು ಘಟಕ ಕಟ್ಟಿದಂದಿನಿಂದ ಬದಲಿಸಿಯೇ ಇರಲಿಲ್ಲ.

ಹರಿವು ಮತ್ತು ಟಿಡಿಎಸ್ ಎರಡೂ ಒಟ್ಟಿಗೆ ಏರಿದರೆ ಮೆಂಬ್ರೇನಿನ ತೆಳುಪದರ ಕ್ಲೋರಿನ್ನಿಗೆ ತಿಂದುಹೋಗಿದೆ ಎಂದೇ ಬಹುತೇಕ ಅರ್ಥ, ಅದು ತೊಳೆದರೆ ಸರಿಹೋಗುವಂಥದ್ದಲ್ಲ. ಮೆಂಬ್ರೇನ್ ನಿಜಕ್ಕೂ ಬದಲಿಸಬೇಕಾಗಿ ಬರುವ ಸಂದರ್ಭ ಇದು. ಆದರೆ ಇದ್ದಿಲು ಮೊದಲು ಬದಲಿಸಿ, ಆಮೇಲೆ ಮೆಂಬ್ರೇನ್. ಇದ್ದಿಲಿನ ಫಿಲ್ಟರ್ ದಾಟಿ ಬಂದ ನೀರಿಗೆ ನೀರುಗಂಟಿಗಳ ಹತ್ತಿರ ಇರುವ ಕ್ಲೋರಿನ್ ಪರೀಕ್ಷೆಯ ದ್ರಾವಣ ಹಾಕಿದಾಗ ಹಳದಿ ಛಾಯೆ ಸ್ವಲ್ಪವೂ ಬರಬಾರದು. ಬಂದರೆ ಆ ಕ್ಷಣವೇ ಘಟಕ ನಿಲ್ಲಿಸಿ.

ನೀರಿನಲ್ಲಿ ವಾಸನೆ, ಕ್ಯಾನಿನೊಳಗೆ ಲೋಳೆ

ಇಲ್ಲಿ ತಪ್ಪು ಮೆಂಬ್ರೇನಿನ ಹಿಂದಿರುವುದಿಲ್ಲ, ಮುಂದಿರುತ್ತದೆ. ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ ತೆರೆದಿರಬಹುದು, ಜೀವಾಣು ಕೊಲ್ಲುವ ಯುವಿ (ಅತಿನೇರಳೆ) ದೀಪ ಉರಿಯುತ್ತಿದ್ದರೂ ಅದರ ಗಾಜಿನ ಕೊಳವೆ ಮಬ್ಬಾಗಿರಬಹುದು, ನಲ್ಲಿಯ ತುದಿಗೆ ಕಟ್ಟಿದ ರಬ್ಬರ್ ಪೈಪು ವರ್ಷದಿಂದ ಬದಲಾಗದೇ ಇರಬಹುದು. ಜನರ ಕ್ಯಾನುಗಳೂ ಕಾರಣವಾಗಿರಬಹುದು. ಹೊಸ ಕ್ಯಾನಿನಲ್ಲಿ ಹಿಡಿದ ನೀರು ಎರಡು ದಿನದ ನಂತರವೂ ವಾಸನೆ ಬರದಿದ್ದರೆ ಘಟಕವನ್ನು ದೂರುವ ಹಾಗಿಲ್ಲ. ಯುವಿ ದೀಪವನ್ನು ಉರಿಯುವಾಗ ಬರಿಗಣ್ಣಿನಿಂದ ನೋಡಬಾರದು. ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿದ್ದರೆ ಕಾರಣ ಹುಡುಕುತ್ತಾ ಕೂರದೆ ವಿತರಣೆ ನಿಲ್ಲಿಸಿ, ಪಿಡಿಒ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಮಾದರಿಯನ್ನು ಜೀವಾಣು ಪರೀಕ್ಷೆಗೆ ಕಳಿಸಬೇಕು.

ರಿಜೆಕ್ಟ್ ನೀರು ನಿಂತಿದೆ

"ನೀರು ಹಾಳಾಗ್ತೈತಿ" ಎಂದು ರಿಜೆಕ್ಟ್ ವಾಲ್ವನ್ನು ಬಿಗಿ ಮಾಡುವುದು ಸದುದ್ದೇಶದ ತಪ್ಪು. ಅರ್ಧ ಪಾಲು ಹೊರಬಿಟ್ಟರೆ ಆ ಹೊರಹೋಗುವ ನೀರಿನಲ್ಲಿ ಲವಣ ಎರಡು ಪಟ್ಟು ದಟ್ಟವಾಗುತ್ತದೆ. ಕಾಲು ಪಾಲು ಮಾತ್ರ ಬಿಟ್ಟರೆ ನಾಲ್ಕು ಪಟ್ಟು. ಸವಳು ನೀರು ಅಷ್ಟು ದಟ್ಟವಾದರೆ ಲವಣ ಮೆಂಬ್ರೇನಿನ ಮೇಲೆ ಕೂರುವುದನ್ನು ಔಷಧವೂ ತಡೆಯದೇ ಹೋಗಬಹುದು. ರಿಜೆಕ್ಟ್ ರೋಟಾಮೀಟರ್ ಸೊನ್ನೆ ತೋರಿಸಿದರೆ ತಕ್ಷಣ ಘಟಕ ನಿಲ್ಲಿಸಿ. ಉಳಿಸಬೇಕೆಂದಿದ್ದರೆ ಆ ನೀರನ್ನು ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯಲು ಬಳಸಿ. ಫ್ಲೋರೈಡ್ ಇರುವ ಊರಿನಲ್ಲಿ ದನಗಳ ತೊಟ್ಟಿಗೆ ಬಿಡಬೇಡಿ, ಬೋರಿನ ಪಕ್ಕದ ಇಂಗುಗುಂಡಿಗಂತೂ ಬೇಡವೇ ಬೇಡ.

ತಂತ್ರಜ್ಞರಿಗೆ ಬಿಡಬೇಕಾದದ್ದು

ಪ್ಯಾನೆಲ್ಲಿನ ಒಳಗಿನ ವೈರಿಂಗ್, ಸುಟ್ಟ ವಾಸನೆ ಬರುವ ಮೋಟರು, ಸೋರುವ ಮೆಂಬ್ರೇನ್ ಕೊಳವೆ, ಮತ್ತು ರಾಸಾಯನಿಕ ತೊಳೆತ, ಇವನ್ನು ತರಬೇತಿಯಿಲ್ಲದವರು ಮುಟ್ಟಬಾರದು. ತೊಳೆಯಲು ಬಂದವರು ಮಾಡುವುದನ್ನು ಮಾತ್ರ ನೀವು ಪಕ್ಕದಲ್ಲಿ ನಿಂತು ನೋಡಬೇಕು. ಸುಣ್ಣದ ಪದರಕ್ಕೆ ಸುಮಾರು 2 ಪ್ರತಿಶತ ಸಿಟ್ರಿಕ್ ಆಮ್ಲ, ಲೋಳೆಗೆ ಕ್ಷಾರ. ಎಲ್ಲಕ್ಕೂ ಒಂದೇ ಡಬ್ಬಿ ಸುರಿಯುವವರನ್ನು ಕಾರಣ ಕೇಳಿ. ಕನ್ನಡಕ ಮತ್ತು ಕೈಗವಸು ಇಲ್ಲದೆ ಕೆಲಸ ಶುರುವಾಗಬಾರದು. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ, ಮತ್ತು ಬ್ಲೀಚಿಂಗ್ ಪೌಡರಿನ ಚೀಲ ಆ ಕೋಣೆಯಲ್ಲೇ ಇರಬಾರದು. ಎರಡೂ ಸೇರಿದರೆ ಹುಟ್ಟುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯಬಲ್ಲದು.

ತೊಳೆದ ದಿನ ಜನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ, ಬೇಗ ಬಿಡಿ ಎಂದು ಅವಸರ ಮಾಡುತ್ತಾರೆ. ಆದರೂ ಮೊದಲು ಬರುವ ನೀರನ್ನೆಲ್ಲ ಹೊರಚೆಲ್ಲಿ, ಅದರ ಪಿಎಚ್ ತೊಳೆಯುವ ಮೊದಲು ಇದ್ದ ಅಂಕಿಗೆ ಮರಳಿ, ಟಿಡಿಎಸ್ ಹತ್ತು ನಿಮಿಷ ಒಂದೇ ಸಮ ನಿಂತ ಮೇಲೆ ಮಾತ್ರ ತೊಟ್ಟಿಗೆ ತಿರುಗಿಸಬೇಕು. ಅಂದಿನ ಎಲ್ಲ ಅಂಕಿಗಳನ್ನೂ ತಾರೀಖಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು, ತಂತ್ರಜ್ಞರ ಸಹಿ ಹಾಕಿಸಿಕೊಂಡ ನಂತರ ಬಿಲ್ಲು ಕೊಡಿ.